ಸಿಗ್ನಲ್ ಇಲ್ಲದ ಘಾಟಿಯಲ್ಲಿ ವಾಕಿಟಾಕಿ

ಕಳೆದ ಸಂಚಿಕೆಯಲ್ಲಿ ಮಳೆಗಾಲದ ಘಾಟಿ ಪ್ರಯಾಣದ ಬಗ್ಗೆ ಬರೆಯುವಾಗ, ಮೊಬೈಲ್ ಸಿಗದ ಕಡೆಗೆ ವೈರ್‌ಲೆಸ್ ಸೆಟ್ ಇದ್ದರೆ ಒಳ್ಳೆಯದು ಎಂದು ಒಂದು ಮಾತು ಸೇರಿಸಿದ್ದೆ. ಅದಕ್ಕೆ ಬಂದ ಪತ್ರಗಳೇ ಈ ಸಲ ಪುಟ ತುಂಬಿವೆ. ಟೆಲಿಫೋನ್ ಇಲಾಖೆಯ ಮೈಕ್ರೋವೇವ್ ಕೇಂದ್ರಗಳಲ್ಲಿ ದುಡಿದು ನಿವೃತ್ತನಾದವನು ನಾನು, ಹ್ಯಾಮ್, ಅಂದರೆ ಹವ್ಯಾಸಿ ರೇಡಿಯೊ ಪರವಾನಗಿಯೂ ಇದೆ. ಗೊತ್ತಿರುವುದನ್ನು ನೇರವಾಗಿ ಹೇಳುತ್ತೇನೆ.

ಪ್ರಶ್ನೆ: ನಾವು ಗೆಳೆಯರು ನಾಲ್ಕು ಜೀಪಿನಲ್ಲಿ ದೇವರಮನೆ, ಬಲ್ಲಾಳರಾಯನದುರ್ಗ, ಬಿಸಿಲೆ ಅಂತ ಸುತ್ತುತ್ತೇವೆ. ಆನ್‌ಲೈನಿನಲ್ಲಿ 5 ವ್ಯಾಟಿನ ವಾಕಿಟಾಕಿ ತರಿಸಿದೆವು. ಡಬ್ಬದ ಮೇಲೆ 10 ಕಿಲೋಮೀಟರ್ ಎಂದಿದೆ. ತೋಟದ ದಾರಿಯಲ್ಲಿ ಎರಡು ತಿರುವು ದಾಟಿದರೆ ಮಾತು ಕೇಳುವುದಿಲ್ಲ. 10 ವ್ಯಾಟಿನದ್ದು ತೆಗೆದುಕೊಂಡರೆ ಸರಿಹೋಗುತ್ತದೆಯೆ?
– ಓದುಗರೊಬ್ಬರು, ಕಳಸ

ಉತ್ತರ: ಇಲ್ಲ ಮಾರಾಯ್ರೆ, ಆ ದುಡ್ಡು ದಂಡ. 5 ವ್ಯಾಟನ್ನು 10 ಮಾಡಿದರೆ ಹೆಚ್ಚುವುದು 3 ಡೆಸಿಬೆಲ್ (ಸಿಗ್ನಲ್ ಬಲ ಎಷ್ಟು ಪಟ್ಟು ಹೆಚ್ಚಿತು ಎಂಬುದರ ಅಳತೆ). ಸೆಟ್ಟಿನ ಸಿಗ್ನಲ್ ಮೀಟರಿನಲ್ಲಿ ಒಂದು ಮನೆ ಮೇಲೇರಬೇಕಾದರೆ 6 ಡೆಸಿಬೆಲ್, ಅಂದರೆ ನಾಲ್ಕು ಪಟ್ಟು ಶಕ್ತಿ ಬೇಕು. ನೀವು ಎರಡು ಪಟ್ಟು ಮಾಡಿ ಅರ್ಧ ಮನೆ ಏರುತ್ತೀರಿ, ಅಷ್ಟೇ. ಬ್ಯಾಟರಿ ಮಾತ್ರ ಬೇಗ ಖಾಲಿಯಾಗುತ್ತದೆ.

ನಿಮಗೆ ಬೇಕಾಗಿರುವುದು ಎತ್ತರ. ಈ ಸೆಟ್ಟುಗಳ ಅಲೆಗಳು ಹೆಚ್ಚುಕಡಿಮೆ ಕಣ್ಣು ಹಾಯುವಷ್ಟು ದೂರ ಹೋಗುತ್ತವೆ, ಅದಕ್ಕಿಂತ ಸ್ವಲ್ಪವೇ ಹೆಚ್ಚು. ಲೆಕ್ಕ ಸುಲಭವಿದೆ. ಆಂಟೆನಾ ನೆಲದಿಂದ ಎಷ್ಟು ಮೀಟರ್ ಮೇಲಿದೆಯೋ ಅದರ ವರ್ಗಮೂಲವನ್ನು 4.12ರಿಂದ ಗುಣಿಸಿ, ಅಷ್ಟು ಕಿಲೋಮೀಟರಿಗೆ ಅದರ ದಿಗಂತ. ಕೈಯಲ್ಲಿ ಹಿಡಿದ ಸೆಟ್ಟು ಒಂದೂವರೆ ಮೀಟರ್ ಎತ್ತರದಲ್ಲಿದ್ದರೆ 5 ಕಿಲೋಮೀಟರ್. ಎದುರಿನವರದ್ದೂ 5. ಡಬ್ಬದ ಮೇಲಿನ 10 ಬಂದದ್ದು ಹೀಗೆ, ಮರವಿಲ್ಲದ, ಗುಡ್ಡವಿಲ್ಲದ ಬಟ್ಟಾಬಯಲಿನ ಲೆಕ್ಕದಲ್ಲಿ. ಕಳಸದಿಂದ ಕೊಟ್ಟಿಗೆಹಾರದವರೆಗೆ ಅಂಥ ಜಾಗ ಎಲ್ಲಿದೆ ಹೇಳಿ. ನಿಮ್ಮ ಎರಡು ಜೀಪಿನ ನಡುವೆ ಒಂದು ಗುಡ್ಡದ ಭುಜ ಬಂತೆಂದರೆ 50 ವ್ಯಾಟಿನ ಸೆಟ್ಟೂ ತಡವರಿಸುತ್ತದೆ.

ಇನ್ನು ತೋಟ. ಸಿಲ್ವರ್ ಓಕ್, ಅತ್ತಿ, ಹಲಸು, ಕೆಳಗೆ ಕಾಫಿ, ಎಲ್ಲವೂ ಮಳೆಯಲ್ಲಿ ನೆಂದು ನಿಂತಿರುತ್ತವೆ. ನೆಂದ ಎಲೆ ರೇಡಿಯೊ ಅಲೆಯನ್ನು ಹೀರುತ್ತದೆ, ಫ್ರೀಕ್ವೆನ್ಸಿ ಹೆಚ್ಚಿದಷ್ಟೂ ಹೆಚ್ಚು ಹೀರುತ್ತದೆ. ಹಾಗಾಗಿ ದಟ್ಟ ತೋಟದಲ್ಲಿ, ಕಾಡಿನಲ್ಲಿ 145 ಮೆಗಾಹರ್ಟ್ಸ್ ಸುತ್ತಲಿನ ವಿಎಚ್‌ಎಫ್, 430ರ ಸುತ್ತಲಿನ ಯುಎಚ್‌ಎಫ್‌ಗಿಂತ ಒಂದು ಕೈ ಮೇಲು. ಮಂಜು ಬಿದ್ದರೆ ಕೇಳುವುದಿಲ್ಲ ಎಂದು ನಮ್ಮ ಕಡೆ ಹೇಳುವವರಿದ್ದಾರೆ. ಈ ಫ್ರೀಕ್ವೆನ್ಸಿಗಳಿಗೆ ಮಂಜು ಲೆಕ್ಕಕ್ಕೇ ಇಲ್ಲ, ಅಡ್ಡ ಬರುವುದು ಗುಡ್ಡ ಮತ್ತು ಎಲೆ.

ಜೀಪಿನೊಳಗೆ ಕೂತು ಮಾತಾಡುವುದನ್ನು ಮೊದಲು ನಿಲ್ಲಿಸಿ. ಸುತ್ತ ಇರುವ ತಗಡು ಅಲೆಯನ್ನು ಒಳಗೇ ಕಟ್ಟಿಹಾಕುತ್ತದೆ. ಸೆಟ್ಟಿನ ಜೊತೆ ಬರುವ ಮೊಂಡು ರಬ್ಬರ್ ಆಂಟೆನಾ ಜೇಬಿಗೆ ಅನುಕೂಲ, ಕೆಲಸಕ್ಕೆ ಅಲ್ಲ. ತಗಡಿನ ಟಾಪು ಇರುವ ಗಾಡಿಯಾದರೆ ಅದರ ನಡುಮಧ್ಯೆ ಅಯಸ್ಕಾಂತದ ಬುಡವಿರುವ ಆಂಟೆನಾ ಕೂರಿಸಿ. 145 ಮೆಗಾಹರ್ಟ್ಸ್‌ಗೆ ಕಾಲು ಅಲೆಯ ಕಡ್ಡಿ ಸುಮಾರು 49 ಸೆಂಟಿಮೀಟರ್ ಇರುತ್ತದೆ. ಟಾರ್ಪಾಲಿನ ಹುಡ್ ಆದರೆ ಬಾನೆಟ್ಟಿನ ಪಕ್ಕ ಬ್ರಾಕೆಟ್ ಹಾಕಿಸಿ. ಈ ಒಂದು ಬದಲಾವಣೆ ಮಾಡುವ ಉಪಕಾರವನ್ನು ಇನ್ನೈದು ವ್ಯಾಟ್ ಮಾಡುವುದಿಲ್ಲ. ಜೊತೆಗೆ, ನಾಲ್ಕು ಜೀಪು ಇಳಿಯುವಾಗ ಒಂದನ್ನು ಏಣಿನ ಮೇಲೆ ನಿಲ್ಲಿಸಿಕೊಳ್ಳಿ. ಮುಂದಿನವರ ಮಾತನ್ನು ಹಿಂದಿನವರಿಗೆ, ಹಿಂದಿನವರದ್ದನ್ನು ಮುಂದಿನವರಿಗೆ ಆ ಜೀಪಿನವರು ಬಾಯಲ್ಲಿ ದಾಟಿಸಲಿ. ಎಲ್ಲರೂ ದಾಟಿದ ಮೇಲೆ ಅವರು ಇಳಿಯಲಿ.

ಆದರೆ ಇದೆಲ್ಲಕ್ಕಿಂತ ಮೊದಲು ಇನ್ನೊಂದು ವಿಷಯ. ನೀವು ತರಿಸಿದ 5 ವ್ಯಾಟಿನ ಸೆಟ್ಟನ್ನು ಪರವಾನಗಿ ಇಲ್ಲದೆ ಬಳಸುವಂತಿಲ್ಲ. ನಾಲ್ಕು ಜೀಪಿನಲ್ಲಿ ಯಾರು ಯಾರು ಪಿಟಿಟಿ, ಅಂದರೆ ಮಾತಾಡುವ ಗುಂಡಿ, ಒತ್ತುತ್ತಾರೋ ಅಷ್ಟೂ ಜನಕ್ಕೆ ಹ್ಯಾಮ್ ಪರವಾನಗಿ ಬೇಕು. ಅಂಗಡಿಯವರು ಮಾರಿದರು ಎಂಬುದು ಕಾನೂನಿನ ಮುಂದೆ ನಿಲ್ಲುವ ಉತ್ತರವಲ್ಲ. ಹೀಗೆ ಫ್ರೀಕ್ವೆನ್ಸಿ ಯಾವುದು, ಪರವಾನಗಿ ಬೇಕೇ ಬೇಡವೇ ಎಂದು ಹೇಳದೆ ಮಾರುತ್ತಿದ್ದ ಆನ್‌ಲೈನ್ ಅಂಗಡಿಗಳಿಗೆ 2025ರ ಮೇ ತಿಂಗಳಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ನೋಟಿಸು ಕೊಟ್ಟಿತು. ಆ ಸೆಟ್ಟು ಪೊಲೀಸ್, ಅರಣ್ಯ, ರೈಲ್ವೆಯವರ ಚಾನೆಲ್ಲಿನ ಮೇಲೂ ಹೋಗಿ ಕೂರಬಲ್ಲದು. ಬಿಸಿಲೆ ಕಡೆ ಹೋದಾಗ ಆಟಕ್ಕೆಂದು ಚಾನೆಲ್ ತಿರುಗಿಸಿ ಮಾತಾಡಿದರೆ ಅಲ್ಲೇ ಕಾವಲಿಗೆ ನಿಂತ ಫಾರೆಸ್ಟ್ ಗಾರ್ಡ್ ಒಬ್ಬರ ಮಾತು ಮುರಿಯುತ್ತದೆ. ಪರೀಕ್ಷೆ ಕಟ್ಟಿ. ಅಲ್ಲಿಯವರೆಗೆ ಆ ಸೆಟ್ಟುಗಳು ಬೀರುವಿನಲ್ಲಿರಲಿ.

ಪ್ರಶ್ನೆ: ಹಾಸನದಲ್ಲಿ ಎಂಜಿನಿಯರಿಂಗ್ ಓದುತ್ತಿದ್ದೇನೆ. ಈ ವರ್ಷ ಹ್ಯಾಮ್ ಪರವಾನಗಿ ಬಂತು, ವಿಯು3ರಿಂದ ಶುರುವಾಗುವ ಕಾಲ್‌ಸೈನ್ (ರೇಡಿಯೊದಲ್ಲಿ ಹೇಳಬೇಕಾದ ಗುರುತು). ರಿಪೀಟರ್ ಕೇಳಿಸುತ್ತದೆ, ನಾನು ಕರೆದರೆ ಅದು ಎದ್ದೇಳುವುದಿಲ್ಲ. ಚಾರಣಕ್ಕೆ ಹೋಗುವಾಗ ಇದನ್ನು ನಂಬಬಹುದೆ?
– ವಿದ್ಯಾರ್ಥಿನಿ, ಹಾಸನ

ಉತ್ತರ: ಅಭಿನಂದನೆ ಮಗಳೇ. ಮೊದಲು ರಿಪೀಟರ್ ಏನು ಮಾಡುತ್ತದೆ ಎಂಬುದನ್ನು ಕಣ್ಣ ಮುಂದೆ ತಂದುಕೋ. ಕಳಸದವರಿಗೆ ಏಣಿನ ಮೇಲೆ ಒಂದು ಜೀಪು ನಿಲ್ಲಿಸಿ ಎಂದೆನಲ್ಲ, ಆ ಕೆಲಸವನ್ನೇ ಯಂತ್ರ ಮಾಡುತ್ತದೆ. ಬೆಟ್ಟದ ಮೇಲೆ ಕೂತು ಒಂದು ಫ್ರೀಕ್ವೆನ್ಸಿಯಲ್ಲಿ ನಿನ್ನ ಮಾತು ಕೇಳಿಸಿಕೊಂಡು, ಅದೇ ಕ್ಷಣ ಇನ್ನೊಂದು ಫ್ರೀಕ್ವೆನ್ಸಿಯಲ್ಲಿ ಜೋರಾಗಿ ಹೇಳುತ್ತದೆ. ನಮ್ಮ 2 ಮೀಟರ್ ಬ್ಯಾಂಡಿನಲ್ಲಿ, ಅಂದರೆ 144ರಿಂದ 146 ಮೆಗಾಹರ್ಟ್ಸ್‌ನಲ್ಲಿ, ಈ ಎರಡರ ನಡುವಿನ ಅಂತರ ಸಾಮಾನ್ಯವಾಗಿ 600 ಕಿಲೋಹರ್ಟ್ಸ್. ಕೇಳುವುದಕ್ಕೂ ಹೇಳುವುದಕ್ಕೂ ಒಂದೇ ಆಂಟೆನಾ. ಪಕ್ಕದಲ್ಲೇ ಹತ್ತಾರು ವ್ಯಾಟ್ ಹೊರಗೆ ಹೋಗುತ್ತಿರುವಾಗ ಒಂದು ಮೈಕ್ರೋವೋಲ್ಟಿಗೂ ಕಡಿಮೆಯ ನಿನ್ನ ಸಿಗ್ನಲನ್ನು ಅದು ಹಿಡಿಯಬೇಕು. ಅದಕ್ಕಾಗಿ ಡ್ಯುಪ್ಲೆಕ್ಸರ್ ಎಂಬ ಲೋಹದ ಡಬ್ಬಿಗಳ ಸಾಲು ಇರುತ್ತದೆ. ಅದನ್ನು ಟ್ಯೂನ್ ಮಾಡಿಕೂರಿಸುವುದು ತಾಳ್ಮೆಯ ಕೆಲಸ, ಮಾಡಿದವರ ಬಗ್ಗೆ ನನಗೆ ದೊಡ್ಡ ಗೌರವವಿದೆ.

ನಿನಗೆ ಕೇಳಿಸುತ್ತಿದೆ, ಅದಕ್ಕೆ ಕೇಳಿಸುತ್ತಿಲ್ಲ ಎಂದರೆ ಮೂರು ಕಡೆ ನೋಡು. ಆಫ್‌ಸೆಟ್ ಎಂಬ ಆ ಅಂತರವನ್ನು 600 ಎಂದು ಹಾಕಿದ್ದೀಯಾ, ಮತ್ತು ಕೂಡಿಸುವುದೋ ಕಳೆಯುವುದೋ ಎಂಬ ಚಿಹ್ನೆ ಸರಿ ಇದೆಯಾ? ಹೆಚ್ಚಿನವರು ಎಡವುವುದು ಇಲ್ಲಿ. ಎರಡನೆಯದು ಟೋನ್. ಬೇರೆ ಸದ್ದಿಗೆ ಎಚ್ಚರಾಗದಂತೆ ರಿಪೀಟರಿಗೆ ಒಂದು ಬೀಗ ಹಾಕಿರುತ್ತಾರೆ. ನಿನ್ನ ಮಾತಿನ ಅಡಿಯಲ್ಲಿ 88.5 ಹರ್ಟ್ಸ್ ಥರದ ಒಂದು ತಗ್ಗು ಸ್ವರ ಹೋದರೆ ಮಾತ್ರ ತೆರೆಯುತ್ತದೆ, ಯಾವ ಸ್ವರ ಎಂಬುದು ಒಂದೊಂದು ರಿಪೀಟರಿಗೆ ಒಂದೊಂದು. ಅದನ್ನು ಸೆಟ್ಟಿನಲ್ಲಿ ಟ್ರಾನ್ಸ್‌ಮಿಟ್ ಕಡೆಗೆ ಹಾಕಬೇಕು. ಮೂರನೆಯದು, ನಿನ್ನ ಐದು ವ್ಯಾಟ್ ಅಲ್ಲಿಗೆ ಮುಟ್ಟುತ್ತಲೇ ಇಲ್ಲದಿರಬಹುದು. ಹಾಸ್ಟೆಲಿನ ಕೋಣೆ ಬಿಟ್ಟು ತಾರಸಿಗೆ ಹೋಗಿ ನೋಡು.

ಪಿಟಿಟಿ ಒತ್ತಿದ ಮೇಲೆ ಒಂದು ಸೆಕೆಂಡು ತಡೆದು ಮಾತು ಶುರು ಮಾಡು, ಇಲ್ಲದಿದ್ದರೆ ಕಾಲ್‌ಸೈನಿನ ತಲೆ ಕತ್ತರಿಸಿ ಹೋಗುತ್ತದೆ. ಒಂದೇ ಉಸಿರಿಗೆ ಮೂರು ನಿಮಿಷ ಮಾತಾಡಿದರೆ ಬಹಳಷ್ಟು ರಿಪೀಟರ್‌ಗಳು ತಾವೇ ಬಾಯಿ ಮುಚ್ಚುತ್ತವೆ. ಇಬ್ಬರ ನಡುವೆ ಬಿಡುವು ಕೊಡು, ಆ ಬಿಡುವಿನಲ್ಲೇ ತುರ್ತು ಇರುವವರು ಒಳಗೆ ಬರುವುದು. ಸೆಟ್ಟಿನಲ್ಲಿ ರಿವರ್ಸ್ ಎಂಬ ಗುಂಡಿ ಇದ್ದರೆ ಅದನ್ನು ಒತ್ತಿ, ಎದುರಿನವರು ಮಾತಾಡುವಾಗ ಅವರ ಮಾತು ರಿಪೀಟರ್ ಇಲ್ಲದೆ ನೇರವಾಗಿ ನಿನಗೆ ಕೇಳಿಸುತ್ತದಾ ನೋಡು. ಕೇಳಿಸಿದರೆ ರಿಪೀಟರ್ ಬಿಟ್ಟು ನೇರ ಮಾತಾಡಿಕೊಳ್ಳಿ.

ನಂಬಬಹುದೆ ಎಂದು ಕೇಳಿದೆ. ಈ ಪ್ರಶ್ನೆಯ ಮೇಲೆ ಸ್ವಲ್ಪ ನಿಲ್ಲುತ್ತೇನೆ. ಮುಳ್ಳಯ್ಯನಗಿರಿಯ ತುದಿ 1,930 ಮೀಟರ್. ಚಿಕ್ಕಮಗಳೂರು ಪೇಟೆಗಿಂತ 800 ಮೀಟರಿಗೂ ಹೆಚ್ಚು ಮೇಲೆ. ಮೇಲೆ ಹೇಳಿದ ಲೆಕ್ಕ ಹಾಕಿದರೆ ಅಂಥ ಎತ್ತರದ ಆಂಟೆನಾದ ದಿಗಂತ ಸುಮಾರು 120 ಕಿಲೋಮೀಟರ್ ಆಚೆಗಿದೆ. ಮೂಡಲಿಗೆ ಕಡೂರು, ಅರಸೀಕೆರೆ ಬಯಲಿನಲ್ಲಿ ನಿಂತವರಿಗೆ ಅಂಥದ್ದೊಂದು ಶಿಖರದ ಯಂತ್ರ ಕೈಗೆ ಸಿಗುವಷ್ಟು ಹತ್ತಿರ. ಆದರೆ ನೀನು ಚಾರಣಕ್ಕೆ ಹೋಗುವುದು ಬಯಲಿಗಲ್ಲ. ಪಡುವಲಿಗೆ ಭದ್ರಾ ಹರಿಯುವ ಕೊರಕಲು, ಚಾರ್ಮಾಡಿಯ ಇಳಿಜಾರು, ದೋಣಿಗಲ್ ದಾಟಿ ಗುಂಡ್ಯಕ್ಕೆ ಇಳಿಯುವ ಶಿರಾಡಿ, ಇವೆಲ್ಲ ಘಟ್ಟದ ಬೆನ್ನಿನ ಆಚೆಗಿವೆ. ಅಲ್ಲಿ ಗುಡ್ಡವೇ ನೆರಳು. ನಕ್ಷೆಯಲ್ಲಿ ವೃತ್ತ ಎಳೆದು ಇಷ್ಟು ದೂರ ಬರುತ್ತದೆ ಎನ್ನುವುದು ಮಲೆನಾಡಿನಲ್ಲಿ ಸಲ್ಲದು. ಹೋಗುವ ದಾರಿಯಲ್ಲಿ ಎಲ್ಲೆಲ್ಲಿ ರಿಪೀಟರ್ ಎದ್ದಿತು, ಎಲ್ಲಿ ಇಲ್ಲ ಎಂದು ಗುರುತು ಹಾಕಿಕೊಂಡು ನಡೆ. ಏನಾದರೂ ಆದಾಗ ‘ಅರ್ಧ ಗಂಟೆ ಹಿಂದೆ ಆ ಬಂಡೆಯ ಹತ್ತಿರ ಸಿಕ್ಕಿತ್ತು’ ಎಂಬ ನೆನಪೇ ನಿನ್ನನ್ನು ಕಾಪಾಡುವುದು.

ಇನ್ನೊಂದು, ಬೆಟ್ಟದ ಮೇಲಿನ ಯಂತ್ರಕ್ಕೂ ಅನ್ನ ಬೇಕು. ಸುಮ್ಮನೆ ಕೇಳುತ್ತ ಕೂರುವುದಕ್ಕೇ 0.4 ಆಂಪಿಯರ್ ಬೇಕೆಂದಿಟ್ಟುಕೋ, ದಿನಕ್ಕೆ 10 ಆಂಪಿಯರ್-ಅವರ್ ಹತ್ತಿರ ಆಯಿತು. ಮಾತಾಡಿದರೆ ಅದರ ಹತ್ತಾರು ಪಟ್ಟು ವೇಗದಲ್ಲಿ ಇಳಿಯುತ್ತದೆ. ಆಷಾಢದಲ್ಲಿ ವಾರಗಟ್ಟಲೆ ಬಿಸಿಲು ಕಾಣದಾಗ ಸೋಲಾರ್ ಹಲಗೆ ಏನು ಮಾಡೀತು? ಜಡಿಮಳೆಯಲ್ಲಿ ಕನೆಕ್ಟರಿಗೆ ನೀರು ಇಳಿಯುತ್ತದೆ. ಏಪ್ರಿಲ್, ಮೇ ತಿಂಗಳ ಗುಡುಗುಮಳೆಯಲ್ಲಿ ಸಿಡಿಲು ಇದೆ. ಆದ್ದರಿಂದ ಯಾವ ರಿಪೀಟರ್ ಕೆಲಸ ಮಾಡುತ್ತಿದೆ ಎಂಬುದನ್ನು ಹಳೆಯ ಪಟ್ಟಿ ನೋಡಿ ನಂಬಬೇಡ, ನನ್ನ ಈ ಪುಟ ನೋಡಿಯೂ ನಂಬಬೇಡ. ಅದಕ್ಕೇ ನಾನು ಇಲ್ಲಿ ಪಟ್ಟಿ ಕೊಡುತ್ತಿಲ್ಲ. ಹೊರಡುವ ವಾರ ಆ ಊರಿನ ಹ್ಯಾಮ್ ಒಬ್ಬರನ್ನು ಕೇಳು, ನೀನೇ ಒಮ್ಮೆ ಕರೆದು ನೋಡು. ರಿಪೀಟರ್ ಸತ್ತರೆ ಯಾವ ನೇರ ಫ್ರೀಕ್ವೆನ್ಸಿಗೆ ಬರುವುದು ಎಂದು ಜೊತೆಯವರೊಡನೆ ಮನೆಯಲ್ಲೇ ಮಾತಾಡಿಕೊಂಡು ಚೀಟಿಯಲ್ಲಿ ಬರೆದು ಸೆಟ್ಟಿನ ಬೆನ್ನಿಗೆ ಅಂಟಿಸು.

ಪ್ರಶ್ನೆ: ಈ ಹ್ಯಾಮ್ ಪರೀಕ್ಷೆ ಕಷ್ಟವೆ? ಕನ್ನಡ ಮಾಧ್ಯಮದಲ್ಲಿ ಓದಿದ ನಮ್ಮಂಥವರು ಪಾಸು ಮಾಡಬಹುದೆ?
– ಶಿಕ್ಷಕರು, ಅರಸೀಕೆರೆ

ಉತ್ತರ: ಖಂಡಿತ ಮಾಡಬಹುದು ಮೇಷ್ಟ್ರೆ. ಪರೀಕ್ಷೆ ನಡೆಸುವುದು ಕೇಂದ್ರ ದೂರಸಂಪರ್ಕ ಇಲಾಖೆ. ಸರಳ್ ಸಂಚಾರ್ ಎಂಬ ಸರ್ಕಾರಿ ಜಾಲತಾಣದಲ್ಲಿ ಅರ್ಜಿ ಹಾಕಬೇಕು. 12 ವರ್ಷ ತುಂಬಿದ ಯಾರಾದರೂ ಬರೆಯಬಹುದು. ರೆಸ್ಟ್ರಿಕ್ಟೆಡ್, ಜನರಲ್ ಎಂದು ಎರಡು ದರ್ಜೆ. ರೇಡಿಯೊ ತತ್ವ ಒಂದು ಭಾಗ, ಕಾನೂನು ಮತ್ತು ಸಂಭಾಷಣೆಯ ಕ್ರಮ ಇನ್ನೊಂದು ಭಾಗ. ಮೋರ್ಸ್ ಕೋಡ್ ಇರುವುದು ಜನರಲ್‌ಗೆ ಮಾತ್ರ. ಪ್ರಯಾಣದಲ್ಲಿ ವಿಎಚ್‌ಎಫ್ ಬಳಸುವುದಕ್ಕೆ ರೆಸ್ಟ್ರಿಕ್ಟೆಡ್ ಸಾಕು. ಪಿಯುಸಿ ವಿಜ್ಞಾನದಲ್ಲಿ ಬರುವ ಓಮ್ ನಿಯಮ, ಕೆಪಾಸಿಟರ್, ಟ್ರಾನ್ಸಿಸ್ಟರ್, ಆಂಟೆನಾದ ಅಳತೆ, ಇವೇ ಹೆಚ್ಚು. ಪಾರಿಭಾಷಿಕ ಪದಗಳು ಇಂಗ್ಲಿಷಿನವೇ ಆದ್ದರಿಂದ ಅವನ್ನು ಹಾಗೆಯೇ ಕಲಿತು, ವಿವರಣೆಯನ್ನು ಕನ್ನಡದಲ್ಲಿ ಅರ್ಥ ಮಾಡಿಕೊಳ್ಳಿ. ನಿಮ್ಮ ಶಾಲೆಯ ಎಂಟನೇ ತರಗತಿ ಮಕ್ಕಳನ್ನೂ ಜೊತೆಗೆ ಕೂರಿಸಿಕೊಳ್ಳಿ ಎಂದು ಕೈಮುಗಿದು ಕೇಳುತ್ತೇನೆ. ನಮ್ಮ ಚಿಕ್ಕಮಗಳೂರು, ಹಾಸನ ಎರಡೂ ಜಿಲ್ಲೆಯಲ್ಲಿ ಹ್ಯಾಮ್‌ಗಳು ಇನ್ನಷ್ಟು ಬೇಕು. ಬೆಟ್ಟದ ಮೇಲಿಂದ ಒಬ್ಬರು ಕರೆದಾಗ ಕೆಳಗೆ ಕೇಳುವ ಕಿವಿ ಇಲ್ಲದಿದ್ದರೆ ಎಷ್ಟು ಒಳ್ಳೆಯ ಸೆಟ್ಟಿದ್ದೂ ಏನು ಬಂತು?

ಪ್ರಶ್ನೆ: ನಮ್ಮದು ಹೋಮ್‌ಸ್ಟೇ. ಅತಿಥಿಗಳನ್ನು ಜೀಪಿನಲ್ಲಿ ಗುಡ್ಡಕ್ಕೆ ಕಳಿಸುತ್ತೇವೆ. ಮನೆಯಲ್ಲಿ ಒಂದು ಸೆಟ್ಟು, ಡ್ರೈವರ್ ಹತ್ತಿರ ಒಂದು ಇಟ್ಟುಕೊಳ್ಳಲು ನಾನೂ ಹ್ಯಾಮ್ ಪರೀಕ್ಷೆ ಬರೆಯಲೆ?
– ಸಕಲೇಶಪುರ

ಉತ್ತರ: ಆಸಕ್ತಿಗೆ ಬರೆಯಿರಿ, ವ್ಯಾಪಾರಕ್ಕಲ್ಲ. ಹ್ಯಾಮ್ ಫ್ರೀಕ್ವೆನ್ಸಿಯಲ್ಲಿ ದುಡಿಮೆಗೆ ಸಂಬಂಧಿಸಿದ ಮಾತು ಆಡುವಂತಿಲ್ಲ. ‘ಅತಿಥಿಗಳು ವಾಪಸ್ ಹೊರಟರು, ಊಟಕ್ಕೆ ಇಡಿ’ ಎಂದರೂ ಅದು ವ್ಯಾಪಾರವೇ. ನಿಮಗೆ ಎರಡು ದಾರಿ ಇವೆ. 446.0ರಿಂದ 446.2 ಮೆಗಾಹರ್ಟ್ಸ್ ನಡುವಿನ ಕಡಿಮೆ ಶಕ್ತಿಯ ವಾಕಿಟಾಕಿಗೆ ನಮ್ಮ ದೇಶದಲ್ಲಿ ಪರವಾನಗಿ ಬೇಡ, ಆದರೆ ಆ ಮಾದರಿಗೆ ಇಟಿಎ ಎಂಬ ಸರ್ಕಾರಿ ಅನುಮೋದನೆ ಇರಲೇಬೇಕು. ಕೊಳ್ಳುವಾಗ ಅದರ ಪ್ರಮಾಣಪತ್ರ ಕೇಳಿ ನೋಡಿ. ಅಂಗಳದಿಂದ ಗದ್ದೆ, ಗದ್ದೆಯಿಂದ ಕೆಲಸದವರ ಲೈನ್ ಮನೆಗಳವರೆಗೆ ಅದು ಸಾಕಾಗುತ್ತದೆ. ಗುಡ್ಡದಾಚೆಗೆ ಸಾಲದು. ಅಷ್ಟು ದೂರ ಬೇಕೇ ಬೇಕೆಂದರೆ ದೂರಸಂಪರ್ಕ ಇಲಾಖೆಯಲ್ಲಿ ಫ್ರೀಕ್ವೆನ್ಸಿ ಹಂಚುವ ಡಬ್ಲ್ಯೂಪಿಸಿ ವಿಭಾಗಕ್ಕೆ ಅರ್ಜಿ ಹಾಕಿ, ನಿಮ್ಮದೇ ಫ್ರೀಕ್ವೆನ್ಸಿ ಪಡೆದು, ವರ್ಷ ವರ್ಷ ಶುಲ್ಕ ಕಟ್ಟಬೇಕು. ನಾಲ್ಕೈದು ಹೋಮ್‌ಸ್ಟೇಯವರು ಈ ಬಗ್ಗೆ ಒಟ್ಟಿಗೆ ಕೂತು ಯೋಚಿಸಿದರೆ ಒಳ್ಳೆಯದು.

ಪ್ರಶ್ನೆ: ಮಗ ಅಮೆರಿಕದಲ್ಲಿದ್ದಾನೆ. ಬರುವಾಗ ಉಪಗ್ರಹದ ಮೂಲಕ ಮೆಸೇಜ್ ಕಳಿಸುವ ಗಾರ್ಮಿನ್ ಸಾಧನ ತರುತ್ತೇನೆ, ಕುದುರೆಮುಖಕ್ಕೆ ಹೋಗೋಣ ಎನ್ನುತ್ತಾನೆ.
– ಚಿಕ್ಕಮಗಳೂರು

ಉತ್ತರ: ಇವತ್ತೇ ಫೋನ್ ಮಾಡಿ ಬೇಡ ಎನ್ನಿ. ದೂರಸಂಪರ್ಕ ಇಲಾಖೆಯ ಅನುಮತಿ ಇಲ್ಲದೆ ಉಪಗ್ರಹ ಫೋನ್ ಆಗಲಿ, ಇಂಥ ಮೆಸೇಜ್ ಸಾಧನವಾಗಲಿ ದೇಶದೊಳಗೆ ತರುವಂತಿಲ್ಲ. ಗೊತ್ತಿಲ್ಲದೆ ತಂದ ವಿದೇಶಿ ಪ್ರವಾಸಿಗರನ್ನು ಗೋವಾದ ವಿಮಾನ ನಿಲ್ದಾಣದಲ್ಲಿ ಹಿಡಿದದ್ದಿದೆ.

ಪ್ರಶ್ನೆ: ನಮ್ಮ ತೋಟಕ್ಕೆ ಆನೆ ಬರುತ್ತದೆ. ರೈಟರ್ ಮತ್ತು ಮೇಸ್ತ್ರಿ ಹತ್ತಿರ ವಾಕಿಟಾಕಿ ಕೊಟ್ಟರೆ ಕೆಲಸದವರಿಗೆ ಧೈರ್ಯ ಎನಿಸುತ್ತದೆ. ಸರಿಯೆ?
– ಗೃಹಿಣಿ, ಆಲೂರು

ಉತ್ತರ: ಸರಿಯಮ್ಮ, ಸಕಲೇಶಪುರದವರಿಗೆ ಹೇಳಿದ 446ರ ಸೆಟ್ಟು ನಿಮಗೂ ಆಗುತ್ತದೆ. ಆದರೆ ಒಂದು ಎಚ್ಚರಿಕೆ. ಕಾಫಿ ಗಿಡದ ಆಚೆ ಆನೆ ನಿಂತಿರುವಾಗ ಸೊಂಟದಲ್ಲಿರುವ ಸೆಟ್ಟು ಜೋರಾಗಿ ಕರ್ರೆಂದರೆ ಏನಾಗಬಹುದು ಯೋಚಿಸಿ. ಇಯರ್‌ಫೋನ್ ಹಾಕಿಯೇ ಕೊಡಿ, ಪ್ರತಿ ಮಾತಿನ ಕೊನೆಗೆ ಬರುವ ಬೀಪ್ ಸದ್ದನ್ನು ಸೆಟ್ಟಿಂಗಿನಲ್ಲಿ ತೆಗೆಸಿ. ಬೆಳಿಗ್ಗೆ ಕೆಲಸ ಶುರುವಾಗುವ ಮುಂಚೆ ರೈಟರ್ ಒಮ್ಮೆ ಕರೆದು ಎಲ್ಲರಿಂದ ಉತ್ತರ ಪಡೆಯಲಿ. ಅರಣ್ಯ ಇಲಾಖೆಯವರ ಆನೆ ಸೂಚನೆಯನ್ನು ಈ ಸೆಟ್ಟಿನಲ್ಲಿ ಕೆಲಸದವರಿಗೆ ದಾಟಿಸಿ, ಅದರ ಬದಲಿಗೆ ಇದನ್ನು ಇಟ್ಟುಕೊಳ್ಳಬೇಡಿ.

ಪ್ರಶ್ನೆ: ಕಾಡಿನಲ್ಲಿ ಯಾರಿಗಾದರೂ ಕಾಲು ಮುರಿಯಿತು ಎಂದುಕೊಳ್ಳಿ. ಸೆಟ್ಟಿನಲ್ಲಿ ಏನು ಹೇಳಬೇಕು?
– ಚಾರಣ ಬಳಗದವರು, ಮೂಡಿಗೆರೆ

ಉತ್ತರ: ಮೊದಲು ಮೊಬೈಲ್ ತೆಗೆದು 112 ಒತ್ತಿ ನೋಡಿ. ನಿಮ್ಮ ಕಂಪನಿಯ ಸಿಗ್ನಲ್ ಇಲ್ಲದಿದ್ದರೂ ಬೇರೆ ಕಂಪನಿಯ ಟವರ್ ಸಿಕ್ಕಿದರೆ ತುರ್ತು ಕರೆ ಹೋಗುತ್ತದೆ. ಹೋಗದಿದ್ದರೆ ಸೆಟ್ಟು ಹಿಡಿದವರು ಎತ್ತರಕ್ಕೆ ಹತ್ತಬೇಕು, ಗಾಯಗೊಂಡವರ ಹತ್ತಿರ ಒಬ್ಬರು ಕೂರಬೇಕು. ಮೂವರಿಗಿಂತ ಕಡಿಮೆ ಜನ ಕಾಡಿಗೆ ಹೋಗಲೇಬಾರದು ಎನ್ನುವುದು ಇದಕ್ಕೇ.

ರಿಪೀಟರಿನಲ್ಲಿ ಬೇರೆಯವರು ಮಾತಾಡುತ್ತಿದ್ದರೆ ಬಿಡುವಿನಲ್ಲಿ ‘ಬ್ರೇಕ್, ಎಮರ್ಜೆನ್ಸಿ’ ಎಂದು ಕಾಲ್‌ಸೈನ್ ಹೇಳಿ. ಪ್ರಾಣದ ಮಾತಿಗೆ ಎಲ್ಲರೂ ಜಾಗ ಬಿಡುತ್ತಾರೆ. ಆಮೇಲೆ ಮೊಟ್ಟಮೊದಲು ಜಾಗ ಹೇಳಿ, ಏನಾಯಿತು ಎಂಬುದು ನಂತರ. ಮಧ್ಯದಲ್ಲಿ ಸಂಪರ್ಕ ಕಡಿದರೂ ಜಾಗ ಗೊತ್ತಿದ್ದರೆ ಜನ ಬರುತ್ತಾರೆ. ‘ಎತ್ತಿನಭುಜ ದಾರಿಯಲ್ಲಿದ್ದೇವೆ’ ಎಂದರೆ ಸಾಲದು. ಯಾವ ಊರಿನ ಕಡೆಯಿಂದ ಹತ್ತಿದಿರಿ, ಎಷ್ಟು ಹೊತ್ತು ನಡೆದಿರಿ, ಹಳ್ಳ ದಾಟಿದಿರೋ ಇಲ್ಲವೋ, ಹುಲ್ಲುಗಾವಲೋ ಶೋಲಾ ಕಾಡೋ, ಅದರ ಜೊತೆ ಫೋನಿನ ಜಿಪಿಎಸ್ ತೋರಿಸುವ ಅಂಕಿಗಳನ್ನು ಒಂದೊಂದಾಗಿ ಬಿಡಿಸಿ ಹೇಳಿ. ಇಂಟರ್‌ನೆಟ್ ಇಲ್ಲದಿದ್ದರೂ ಜಿಪಿಎಸ್ ಕೆಲಸ ಮಾಡುತ್ತದೆ. ಕೇಳಿಸಿಕೊಂಡವರಿಂದ ಅಂಕಿಗಳನ್ನು ತಿರುಗಿ ಹೇಳಿಸಿ. ಆಮೇಲೆ ಗಾಯ, ಪ್ರಜ್ಞೆ ಇದೆಯೇ, ರಕ್ತ ಹೋಗುತ್ತಿದೆಯೇ, ಎಷ್ಟು ಜನ ಹೊತ್ತು ತರಬೇಕು.

ಆನಂತರ ಸೆಟ್ಟನ್ನು ಆನ್ ಮಾಡಿಟ್ಟೇ ಕೂರಬೇಡಿ, ಬ್ಯಾಟರಿ ಇಳಿಯುತ್ತದೆ. ಪ್ರತಿ ಗಂಟೆಯ ಮೊದಲ ಐದು ನಿಮಿಷ ತೆರೆದಿರುತ್ತೇವೆ ಎಂದು ಹೇಳಿ, ಆ ಮಾತಿಗೆ ತಪ್ಪಬೇಡಿ. ಈ ಹೊತ್ತಿನ ಒಪ್ಪಂದವನ್ನು ಮನೆ ಬಿಡುವಾಗಲೇ ಊರಿನಲ್ಲಿರುವ ಒಬ್ಬ ಹ್ಯಾಮ್ ಜೊತೆ ಮಾಡಿಕೊಂಡಿದ್ದರೆ ಇನ್ನೂ ಒಳ್ಳೆಯದು. ಹೆಚ್ಚುವರಿ ಬ್ಯಾಟರಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಒಳಅಂಗಿಯ ಜೇಬಿನಲ್ಲಿಡಿ.

ಪ್ರಶ್ನೆ: ಬಾಹ್ಯಾಕಾಶ ನಿಲ್ದಾಣದಲ್ಲೂ ರಿಪೀಟರ್ ಇದೆ ಅಂತ ಅಣ್ಣ ಹೇಳಿದ. ನಿಜವಾ ಸರ್? ನನಗೆ 13 ವರ್ಷ.
– ಕಡೂರು

ಉತ್ತರ: ನಿಜ ಪುಟ್ಟ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿರುವ ಹ್ಯಾಮ್ ರಿಪೀಟರ್ 145.990ರಲ್ಲಿ 67 ಹರ್ಟ್ಸ್ ಟೋನ್ ಜೊತೆ ಬರುವ ಮಾತು ಕೇಳಿ 437.800ರಲ್ಲಿ ಹೇಳುತ್ತದೆ. 400 ಕಿಲೋಮೀಟರ್ ಎತ್ತರದ ಬೆಟ್ಟ ಎಂದುಕೊಂಡು ಮೇಲಿನ ಲೆಕ್ಕ ಹಾಕಿ ನೋಡು, ಎಷ್ಟು ದೂರ ಬರುತ್ತದೆ ಅಂತ. ನೆತ್ತಿಯ ಮೇಲೆ ಹಾದರೂ ಹತ್ತು ನಿಮಿಷದಲ್ಲಿ ಮುಳುಗುತ್ತದೆ. ಅದು ಓಡುವ ವೇಗಕ್ಕೆ ಫ್ರೀಕ್ವೆನ್ಸಿ ಜಾರುವುದರಿಂದ, ಹುಟ್ಟುವಾಗ 437.810ರಲ್ಲಿ ಕೇಳು, ನಡುನೆತ್ತಿಗೆ ಬಂದಾಗ 437.800, ಮುಳುಗುವಾಗ 437.790. ನಿನ್ನೂರಿನ ಬಯಲು ಇದಕ್ಕೆ ನಮ್ಮ ಮಲೆನಾಡಿಗಿಂತ ಒಳ್ಳೆಯ ಜಾಗ. ಸದ್ಯಕ್ಕೆ ಪರವಾನಗಿ ಇರುವ ಹ್ಯಾಮ್ ಒಬ್ಬರ ಅಂಗಳದಲ್ಲಿ ಕೂತು ಕೇಳು. 13 ಆಗಿದೆಯಲ್ಲ, ಪರೀಕ್ಷೆಗೆ ಅರ್ಜಿ ಹಾಕಲು ಅಪ್ಪನಿಗೆ ಈ ವಾರವೇ ಹೇಳು.